ಕಾಯುವುದರಲ್ಲಿ ಎರಡು ಬಗೆ

“ಕಾಯೋಣ ಇರಮ್ಮ” ಎಂದವಳು ನಾನೇ. ಮೊಮ್ಮಗನಿಗೆ ಆಗ ಒಂದೂವರೆ ವರ್ಷ ತುಂಬಿ ಎರಡು ತಿಂಗಳಾಗಿತ್ತು. ಸೊಸೆ ರೊಟ್ಟಿ ತಟ್ಟುತ್ತಾ, ನನ್ನ ಮುಖ ನೋಡದೆ, “ಅತ್ತೆ, ಇವನು ಹೆಸರು ಹಿಡಿದು ಕೂಗಿದರೆ ತಿರುಗಲ್ಲ” ಅಂದಳು. ಮೂವತ್ತು ವರ್ಷ ಒಂದನೇ ಕ್ಲಾಸಿಗೆ ಪಾಠ ಹೇಳಿದವಳು ನಾನು. ಮಕ್ಕಳ ವಿಷಯದಲ್ಲಿ ನನಗೆ ಗೊತ್ತಿಲ್ಲದ್ದು ಏನಿದ್ದೀತು ಎಂಬ ಹಮ್ಮಿತ್ತು. “ಗಂಡು ಮಕ್ಕಳಿಗೆ ಮಾತು ತಡ ಕಣಮ್ಮ. ಇವರಪ್ಪ ಬಾಯಿ ಬಿಟ್ಟಿದ್ದು ಮೂರು ತುಂಬಿದ ಮೇಲೆ” ಎಂದೆ. ಕುಕ್ಕರ್ ಕೂಗಿದರೆ ಎಲ್ಲಿದ್ದರೂ ಓಡಿ ಬರುತ್ತಾನಲ್ಲ, ಕಿವಿ ನೆಟ್ಟಗಿದೆ ಎಂದೂ ಸೇರಿಸಿದೆ. ಅವಳು ಮತ್ತೆ ಮಾತಾಡಲಿಲ್ಲ. ನನ್ನ ಆ ಒಂದು ಮಾತಿಗೆ ನಮ್ಮ ಮನೆ ಏಳು ತಿಂಗಳು ತೆತ್ತಿತು.

ಈ ಮಾತು ನನ್ನೊಬ್ಬಳದಲ್ಲ. ನಮ್ಮ ಜಾವಗಲ್ಲಿನ ಸಂತೆಯಲ್ಲಿ, ಹಳೇಬೀಡಿನ ಬಸ್ಸಿನಲ್ಲಿ, ಬಾಣಾವರದ ಮದುವೆ ಮನೆಯಲ್ಲಿ ಯಾರನ್ನು ಕೇಳಿದರೂ ಸಿಗುವ ಉತ್ತರ ಇದೇ. ಅದರಲ್ಲಿ ಅರ್ಧ ನಿಜವೂ ಇದೆ, ತೊಡಕಿರುವುದೇ ಅಲ್ಲಿ. ಎರಡು ವರ್ಷಕ್ಕೆ ಮಾತು ಬಾರದ ಮಕ್ಕಳಲ್ಲಿ ಬಹಳಷ್ಟು ಮಂದಿ ಮುಂದೆ ತಾವಾಗಿಯೇ ಸರಿಹೋಗುತ್ತಾರೆ. ಪ್ರತಿ ಊರಲ್ಲೂ ಅಂಥವನೊಬ್ಬ ಇರುತ್ತಾನೆ, ಈಗ ಅವನ ಬಾಯಿ ಮುಚ್ಚಿಸುವುದೇ ಕಷ್ಟ. ಆದರೆ ಸರಿಹೋದವರ ಕತೆ ಊರೆಲ್ಲ ಓಡಾಡುತ್ತದೆ, ಸರಿಹೋಗದವರು ಒಳಮನೆಯಲ್ಲಿ ಉಳಿಯುತ್ತಾರೆ. ಅವರ ಕತೆ ಜಗಲಿಗೆ ಬರುವುದಿಲ್ಲ. ನಮ್ಮ ಅನುಭವದ ಲೆಕ್ಕದ ಪುಸ್ತಕದಲ್ಲಿ ಜಮೆಯ ಪುಟ ಮಾತ್ರ ಉಳಿದಿದೆ, ಖರ್ಚಿನ ಪುಟವನ್ನು ಯಾರೋ ಹರಿದಿಟ್ಟಿದ್ದಾರೆ. ಆ ಪುಸ್ತಕ ನಂಬಿ ನಾನು ತೀರ್ಪು ಕೊಟ್ಟೆ.

ಮಗು ಹಿಂದುಳಿದಿದೆಯೋ ಇಲ್ಲವೋ ಎಂದು ಊಹಿಸುವ ಬದಲು, ಊಹೆ ತಪ್ಪಾದರೆ ಯಾವ ಕಡೆ ಎಷ್ಟು ನಷ್ಟ ಎಂದು ತೂಗಿ ನೋಡಬೇಕಿತ್ತು. ತಾನಾಗಿಯೇ ಸರಿಹೋಗಲಿದ್ದ ಮಗುವಿನ ಜೊತೆ ನಾಲ್ಕು ತಿಂಗಳು ಹೆಚ್ಚು ಆಡಿದೆವು ಅನ್ನಿ, ಕಳೆದುಕೊಂಡಿದ್ದು ಏನೂ ಇಲ್ಲ. ಸರಿಹೋಗಲಾರದ ಮಗುವನ್ನು ಎರಡು ವರ್ಷ ಸುಮ್ಮನೆ ಬಿಟ್ಟೆವು ಅನ್ನಿ, ಮಿದುಳು ಹಸಿ ಮಣ್ಣಿನಂತಿರುವ ಕಾಲ ಕೈ ಜಾರುತ್ತದೆ. ಮಳೆ ಬರುವುದೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡು ರಾಗಿ ಹೊಲ ಉಳುವವರನ್ನು ಅರಸೀಕೆರೆ ಸೀಮೆಯಲ್ಲಿ ನಾನು ಕಂಡಿಲ್ಲ.

ನೋಡಬೇಕಾದ್ದನ್ನು ಬಿಟ್ಟು ಬೇರೆಯದನ್ನೇ ನೋಡುತ್ತಿದ್ದುದು ನನ್ನ ಇನ್ನೊಂದು ತಪ್ಪು. ನಾನು ಎಣಿಸುತ್ತಿದ್ದುದು ಪದಗಳನ್ನು. ಪದಕ್ಕೆ ಮುಂಚೆ ಬರುವುದೊಂದಿದೆ. ನಮ್ಮಲ್ಲಿ ಮಗುವಿಗೆ ಚಂದಮಾಮನನ್ನು ತೋರಿಸಿ ತುತ್ತು ಕೊಡುತ್ತಾರೆ. ಅಮ್ಮ ಬೆರಳು ಚಾಚುತ್ತಾಳೆ, ಮಗು ಬೆರಳನ್ನು ಬಿಟ್ಟು ಬೆರಳು ತೋರಿಸಿದ ಕಡೆಗೆ ನೋಡುತ್ತದೆ, ಮತ್ತೆ ಅಮ್ಮನ ಮುಖ ನೋಡುತ್ತದೆ: ನೀನೂ ಕಂಡೆಯಾ ಎಂಬಂತೆ. ಚಂದ್ರ, ಅಮ್ಮ, ಮಗು ಈ ಮೂವರ ನಡುವೆ ಹುಟ್ಟುವ ಆ ಗಂಟೇ ಮಾತಿನ ಬೇರು. ಸಾಮಾನ್ಯವಾಗಿ ಮೊದಲ ಹುಟ್ಟುಹಬ್ಬದ ಆಸುಪಾಸಿಗೆ ಅದು ಕಾಣಿಸಿಕೊಳ್ಳುತ್ತದೆ. ಒಂದು ವರ್ಷಕ್ಕೆ ತೊದಲು, ಬೆರಳು ತೋರಿಸುವುದು, ಟಾಟಾ ಮಾಡುವುದು ಯಾವುದೂ ಇಲ್ಲದಿದ್ದರೆ, ಹದಿನಾರು ತಿಂಗಳಿಗೆ ಒಂದೂ ಪದವಿಲ್ಲದಿದ್ದರೆ, ಎರಡು ವರ್ಷಕ್ಕೆ “ಅಮ್ಮ ಬಾ” ಎಂಬಂತೆ ಎರಡು ಪದ ಸ್ವಂತವಾಗಿ ಕೂಡಿಸದಿದ್ದರೆ, ಯಾವ ವಯಸ್ಸಿನಲ್ಲೇ ಆಗಲಿ ಬಂದ ಮಾತು ಹಿಂದಕ್ಕೆ ಹೋದರೆ ತೋರಿಸಬೇಕು ಎಂದು ಮಕ್ಕಳ ವೈದ್ಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನಮ್ಮ ಹುಡುಗ ‘ತಾರಮ್ಮಯ್ಯ’ ಅಂದರೆ ಹತ್ತು ತಿಂಗಳಿಗೆ ಕೈ ತಿರುಗಿಸುತ್ತಿದ್ದ. ಹದಿನೈದಕ್ಕೆ ಅದನ್ನು ಬಿಟ್ಟುಬಿಟ್ಟಿದ್ದ. ಮರೆತಿರಬೇಕು ಎಂದುಕೊಂಡೆವು. ಅಷ್ಟು ಚಿಕ್ಕ ಮಕ್ಕಳು ಹಾಗೆಲ್ಲ ಮರೆಯುವುದಿಲ್ಲ.

ಕೊನೆಗೆ ಸೊಸೆ ಹಟ ಹಿಡಿದಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೊರಟೆವು. 1965ರಿಂದ ಇರುವ ಸಂಸ್ಥೆ ಅದು, ದೇಶದ ಬೇರೆ ಬೇರೆ ಮೂಲೆಗಳಿಂದ ಜನ ಹುಡುಕಿಕೊಂಡು ಬರುತ್ತಾರೆ. ಮಾತು ಬಾರದ ಮಗುವಿಗೆ ಮೊದಲು ಆಗಬೇಕಾದ್ದು ಕಿವಿಯ ಪರೀಕ್ಷೆ. ಕುಕ್ಕರಿಗೆ ಓಡಿ ಬರುವ ಮಗುವಿಗೂ ಮಾತಿನ ಸಣ್ಣ ಸದ್ದುಗಳು ಕೇಳಿಸದೆ ಇರಬಹುದು. ಆ ಪರೀಕ್ಷೆಗೆ ಮಗು ನಿದ್ದೆ ಮಾಡಬೇಕು, ತಲೆಗೆ ತಂತಿ ಅಂಟಿಸುತ್ತಾರೆ. ಅದಕ್ಕಾಗಿ ದಾರಿಯುದ್ದಕ್ಕೂ ಅವನು ಮಲಗದಂತೆ ನೋಡಿಕೊಳ್ಳಬೇಕಿತ್ತು. ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರ ಎಂದು ಅಷ್ಟು ದೂರ ನಿದ್ದೆಗೆಟ್ಟ, ಹಾರ್ನ್ ಸದ್ದಿಗೆ ಕಿವಿ ಮುಚ್ಚಿ ಕಿರುಚುವ ಎರಡು ವರ್ಷದ ಮಗುವನ್ನು ಎಬ್ಬಿಸಿಕೊಂಡೇ ಕರೆದೊಯ್ಯುವುದೆಂದರೆ ಏನು ಎಂಬುದನ್ನು ಬಸ್ಸಿನಲ್ಲಿ ನಮ್ಮ ಹಿಂದೆ ಕೂತವರೂ ಹೇಳಬಲ್ಲರು. “ಒಂದೇಟು ಹಾಕಬಾರದೇನಮ್ಮ, ಅಷ್ಟು ಮುದ್ದು ಮಾಡಿ ಹಾಳು ಮಾಡಿದೀರಿ” ಎಂದವರೂ ಅವರಲ್ಲಿದ್ದರು. ಕಿವಿ ಸರಿಯಿತ್ತು. ಬೆಳವಣಿಗೆ ತಡ ಎಂದರು, ಆಟಿಸಂ ಇರಬಹುದು ಎಂದರು, ಇನ್ನೊಂದಿಷ್ಟು ದಿನ ನೋಡಿ ಖಚಿತ ಹೇಳುತ್ತೇವೆ ಎಂದರು. ಪುಸ್ತಕಗಳಲ್ಲಿ ಇದಕ್ಕೆ ಸ್ವಲೀನತೆ ಎಂಬ ಹೆಸರಿದೆ. ನನಗೆ ಆ ಪದ ಹಿಡಿಸುವುದಿಲ್ಲ. ತನ್ನಲ್ಲಿ ತಾನು ಲೀನವಾದವನು ಎಂದರೆ ಯೋಗಿಯಂತೆ ಕೇಳಿಸುತ್ತದೆ. ಇವನು ತೆಂಗಿನ ಚಿಪ್ಪುಗಳನ್ನು ಸಾಲಾಗಿ ಜೋಡಿಸಿ, ಒಂದು ಸರಿದರೆ ರಂಪ ಮಾಡುವ ಹುಡುಗ.

‘ಇರಬಹುದು’ ಎಂಬ ಆ ಪದದ ಜೊತೆ ಬದುಕುವುದು ಬಹಳ ಕಷ್ಟ. ‘ಇದೆ’ ಎಂದಿದ್ದರೆ ಅತ್ತು ಮುಗಿಸುತ್ತಿದ್ದೆವು, ‘ಇಲ್ಲ’ ಎಂದಿದ್ದರೆ ಮರೆಯುತ್ತಿದ್ದೆವು. ಆ ಖಾಲಿ ಜಾಗಕ್ಕೆ ಊರು ನುಗ್ಗಿತು. ದೃಷ್ಟಿ ತೆಗೆದರು, ತಾಯಿತ ಕಟ್ಟಿದರು, ಬಜೆ ತೇಯ್ದು ನಾಲಿಗೆಗೆ ಹಚ್ಚಿರಿ ಎಂದರು. ತಾಯಿತದಿಂದ ಕೇಡೇನಿಲ್ಲ, ಕಟ್ಟಿಸಿಕೊಂಡು ಬಂದ ರಾತ್ರಿ ಸೊಸೆ ಚೆನ್ನಾಗಿ ನಿದ್ದೆ ಮಾಡಿದಳು ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: ಯಾರಿಂದ ಹೀಗಾಯಿತು?

ಆ ಪ್ರಶ್ನೆಯ ಬಲೆಗೆ ದೊಡ್ಡ ದೊಡ್ಡ ವಿದ್ವಾಂಸರೂ ಬಿದ್ದಿದ್ದಾರೆ. ಅಮೆರಿಕದ ಬಾಲ್ಟಿಮೋರಿನಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ 1943ರಲ್ಲಿ ಹನ್ನೊಂದು ಮಕ್ಕಳನ್ನು ನೋಡಿ ಈ ಸ್ಥಿತಿಯನ್ನು ವಿವರವಾಗಿ ಬರೆದ. ಈ ಮಕ್ಕಳ ತಂದೆತಾಯಿಗಳಲ್ಲಿ ಬೆಚ್ಚನೆಯ ಮಮತೆ ಕಡಿಮೆ ಎಂಬ ಮಾತನ್ನೂ ಜೊತೆಗೆ ಸೇರಿಸಿದ. ಅದನ್ನೇ ಎಳೆದು ‘ರೆಫ್ರಿಜರೇಟರ್ ತಾಯಿ’ ಎಂಬ ಬೈಗುಳ ಹುಟ್ಟಿತು. ಬ್ರೂನೋ ಬೆಟಲ್‌ಹೈಮ್ ಎಂಬಾತ 1967ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದು ಹೆಸರು ಮಾಡಿದ. ಅದಕ್ಕೂ ಮೂರು ವರ್ಷ ಮೊದಲೇ, ಸ್ವತಃ ಇಂಥ ಮಗನ ತಂದೆಯಾಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ ಇದು ಮಮತೆಯ ಮಾತಲ್ಲ, ಮಿದುಳಿನ ರಚನೆಯ ಮಾತು ಎಂದು ವಾದಿಸಿದ್ದ. ಆದರೂ ಒಂದು ಇಡೀ ತಲೆಮಾರಿನ ತಾಯಂದಿರು ತಮ್ಮ ಎದೆಯೇ ತಣ್ಣಗಿತ್ತು ಎಂದು ನಂಬಿ ಕೊರಗಿದರು. ಈಗ ವಂಶವಾಹಿಗಳ ಪಾತ್ರ ದೊಡ್ಡದು ಎಂದು ಗೊತ್ತಾಗಿದೆ, ತಾಯಿಯ ಮೇಲಿನ ಆ ಆರೋಪ ವಿಜ್ಞಾನದಿಂದ ಆಚೆ ಬಿದ್ದಿದೆ. ನಮ್ಮ ಪಡಸಾಲೆಯಿಂದ ಆಚೆ ಬಿದ್ದಿಲ್ಲ. “ಬಸುರಿಯಾಗಿದ್ದಾಗ ನೀನು ಗ್ರಹಣ ನೋಡಿದ್ದೆಯಾ?” ಎಂದು ಸೊಸೆಯನ್ನು ಕೇಳಿದವರು ಸೀರೆಯುಟ್ಟ ಬೆಟಲ್‌ಹೈಮರೇ.

ಮೊಬೈಲು ಈಗಿನ ಗ್ರಹಣ. ‘ವರ್ಚುವಲ್ ಆಟಿಸಂ’ ಎಂಬ ಮಾತು ವಾಟ್ಸಪ್ಪಿನಲ್ಲಿ ನಮ್ಮೂರಿಗೂ ಬಂದಿದೆ: ಮೊಬೈಲು ಕೊಟ್ಟಿದ್ದಕ್ಕೆ ಮಗು ಹೀಗಾಯಿತು, ಕಿತ್ತುಕೊಂಡರೆ ಸರಿಹೋಗುತ್ತದೆ. ವೈದ್ಯಶಾಸ್ತ್ರದ ಅಧಿಕೃತ ರೋಗಪಟ್ಟಿಗಳಲ್ಲಿ ಆ ಹೆಸರು ಇಲ್ಲ. ಪರದೆಯ ಮುಂದೆ ಕೂರಿಸಿದಷ್ಟು ಹೊತ್ತು ಮಗುವಿನ ಜೊತೆ ಮಾತು ಕಡಿಮೆಯಾಗುತ್ತದೆ, ಅದರಿಂದ ನಷ್ಟವಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಎರಡು ವರ್ಷ ತುಂಬದ ಮಕ್ಕಳಿಗೆ ಪರದೆ ಬೇಡ, ಎರಡು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂದಿತು. ನಾವೂ ಕಿತ್ತಿಟ್ಟೆವು. ಆದರೆ ಯಾವುದು ಮುಂದೆ, ಯಾವುದು ಹಿಂದೆ? ಮುಖಗಳ ಕಡೆಗೆ ಮನಸ್ಸು ಹರಿಯದ ಮಗು ಸಹಜವಾಗಿಯೇ ಮಿನುಗುವ ಪರದೆಯ ಕಡೆ ಹರಿಯುತ್ತದೆ. ಬಸ್ಸಿನಲ್ಲಿ ಜನ ಬೈಯುತ್ತಾರೆಂದು ತಾಯಿ ಮೊಬೈಲು ಕೊಡುತ್ತಾಳೆ. ಆಮೇಲೆ ಅದೇ ಜನ ಮೊಬೈಲಿನಿಂದ ಹೀಗಾಯಿತು ಅನ್ನುತ್ತಾರೆ.

ಲಸಿಕೆಯ ಮೇಲಿನ ಆರೋಪದಿಂದ ಮಾತ್ರ ನಮಗೊಂದು ಉಪಯೋಗದ ಪಾಠ ಸಿಕ್ಕಬಹುದು. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ಬ್ರಿಟನ್ನಿನ ವೈದ್ಯ ಹನ್ನೆರಡು ಮಕ್ಕಳ ಕತೆ ಇಟ್ಟುಕೊಂಡು ದಡಾರ ಲಸಿಕೆಗೂ ಆಟಿಸಂಗೂ ಗಂಟು ಹಾಕಿದ. ‘ಲ್ಯಾನ್ಸೆಟ್’ ಪತ್ರಿಕೆ 2010ರಲ್ಲಿ ಆ ಲೇಖನವನ್ನೇ ಹಿಂತೆಗೆದುಕೊಂಡಿತು, ಅವನ ವೈದ್ಯ ನೋಂದಣಿಯೂ ರದ್ದಾಯಿತು. ಡೆನ್ಮಾರ್ಕಿನಲ್ಲಿ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಅಂಥ ಸಂಬಂಧ ಕಾಣಲಿಲ್ಲ. ಹಾಗಿದ್ದರೂ ಆ ಸುಳ್ಳಿಗೆ ಇಷ್ಟು ಆಯುಸ್ಸು ಬಂದದ್ದು ಹೇಗೆ? ಲಸಿಕೆ ಹಾಕಿಸುವ ವಯಸ್ಸೂ, ಆಟಿಸಂನ ಗುರುತುಗಳು ಮನೆಯವರ ಕಣ್ಣಿಗೆ ಬೀಳುವ ವಯಸ್ಸೂ ಒಂದೇ. ನಮ್ಮಲ್ಲಿ ದಡಾರದ ಎರಡನೇ ಡೋಸು ಹದಿನಾರರಿಂದ ಇಪ್ಪತ್ನಾಲ್ಕು ತಿಂಗಳೊಳಗೆ. ಆಟಿಸಂ ಸಂಶಯವಿದೆಯೇ ಎಂದು ತಂದೆತಾಯಿಗಳನ್ನು ಕೇಳುವ ‘ಎಂ-ಚಾಟ್’ ಎಂಬ ಪ್ರಶ್ನಾವಳಿ ಇರುವುದು ಹದಿನಾರರಿಂದ ಮೂವತ್ತು ತಿಂಗಳ ಮಕ್ಕಳಿಗೆ. ಅಂದರೆ ಕೇಳಬೇಕಾದ ವಯಸ್ಸಿನಲ್ಲೇ ಮಗು ತಾನಾಗಿ ಸರ್ಕಾರದ ಮುಂದೆ ಬಂದು ನಿಂತಿರುತ್ತದೆ. ತೊಡೆಗೆ ಸೂಜಿ ಚುಚ್ಚುತ್ತಾರೆ, ತೂಕ ಬರೆಯುತ್ತಾರೆ, ಜ್ವರ ಬಂದರೆ ಈ ಗುಳಿಗೆ ಎನ್ನುತ್ತಾರೆ, ಕಳಿಸುತ್ತಾರೆ. “ಹೆಸರು ಕೂಗಿದರೆ ತಿರುಗುತ್ತಾನಾ? ಬೆರಳು ತೋರಿಸುತ್ತಾನಾ?” ಎಂದು ಆ ಬೆಂಚಿನ ಮೇಲೆಯೇ ಕೇಳಿದ್ದರೆ ನನ್ನ ಸೊಸೆ ನನ್ನನ್ನು ಕೇಳಬೇಕಾಗುತ್ತಿರಲಿಲ್ಲ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಿಗೆ ಮಗು ಏನು ಮಾಡಬೇಕೆಂದು ಚಿತ್ರ ಸಮೇತ ಅಚ್ಚಾಗಿದೆ. ಆ ಪುಟ ತಿರುಗಿಸುವವರಿಲ್ಲ.

ವ್ಯವಸ್ಥೆಯೇ ಇಲ್ಲ ಎಂದರೆ ಸುಳ್ಳಾಗುತ್ತದೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪ್ರಕಾರ ವೈದ್ಯರ ತಂಡ ವರ್ಷಕ್ಕೆ ಎರಡು ಸಲ ಪ್ರತಿ ಅಂಗನವಾಡಿಗೆ ಬರಬೇಕು, ಬೆಳವಣಿಗೆಯ ತಡವೂ ಅವರು ನೋಡಬೇಕಾದ ಪಟ್ಟಿಯಲ್ಲಿದೆ. ಸಂಶಯ ಬಂದ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕಾ ಕೇಂದ್ರಕ್ಕೆ ಕಳಿಸಬೇಕು. ಕಾಗದದ ಮೇಲೆ ಇದು ಸೊಗಸಾಗಿದೆ. ಆದರೆ ಅಂಗನವಾಡಿಯಲ್ಲಿ ದಿನವೂ ಕೂರುವುದು ಮೂರು ತುಂಬಿದ ಮಕ್ಕಳು. ಒಂದೂವರೆ ಎರಡು ವರ್ಷದವರ ಪಾಲಿನದು ಪೌಷ್ಟಿಕ ಆಹಾರದ ಪೊಟ್ಟಣ ಮಾತ್ರ, ಅದನ್ನೂ ಅಜ್ಜಿಯರು ಹೋಗಿ ತರುತ್ತಾರೆ. ತಂಡ ಬಂದ ದಿನ ಮಗು ಅಲ್ಲಿರುವುದು ಅದೃಷ್ಟ. ಇದ್ದರೂ, ಹೊಸ ಮುಖ ಕಂಡು ಅಳುವ ಮಕ್ಕಳ ಸಂತೆಯಲ್ಲಿ ಕಣ್ಣು ಕೊಟ್ಟು ನೋಡದ ಒಂದು ಮಗು ‘ಸುಮ್ಮನಿರುವ ಒಳ್ಳೆಯ ಮಗು’ವಾಗಿ ದಾಟಿ ಹೋಗುತ್ತದೆ. ಇನ್ನು ಜಿಲ್ಲಾ ಕೇಂದ್ರಕ್ಕೆ ವಾರಕ್ಕೆರಡು ಸಲ ಬನ್ನಿ ಎಂದರೆ ಕೂಲಿಯವರ ಮನೆಯಲ್ಲಿ ವಾರಕ್ಕೆರಡು ಕೂಲಿ ಹೋಗುತ್ತದೆ. ತಿಂಗಳೊಪ್ಪತ್ತು ಓಡಾಡಿ ಬಿಟ್ಟವರನ್ನು ‘ತಾಯ್ತಂದೆಗೆ ಆಸಕ್ತಿಯಿಲ್ಲ’ ಎಂದು ಬರೆದುಕೊಳ್ಳುವುದು ಸುಲಭ.

ಹಾಗಾಗಿ ನನ್ನ ವಾದ ಇಷ್ಟು. ಹೆಸರು ಖಚಿತವಾಗುವ ತನಕ ಕೆಲಸ ನಿಲ್ಲಬಾರದು, ಕೆಲಸ ನಡೆಯಬೇಕಾದ್ದು ಮಗು ಇರುವ ಜಾಗದಲ್ಲಿ, ಮಗುವಿನ ಸುತ್ತ ಈಗಾಗಲೇ ಇರುವ ಕೈಗಳಿಂದ. ಇದು ಅಜ್ಜಿಯ ಭಾವುಕತೆಯಲ್ಲ. ಗೋವಾದಲ್ಲೂ ಪಾಕಿಸ್ತಾನದ ರಾವಲ್ಪಿಂಡಿಯಲ್ಲೂ ಒಟ್ಟಿಗೆ ನಡೆದು 2016ರಲ್ಲಿ ‘ಲ್ಯಾನ್ಸೆಟ್’ ಬಳಗದ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗವಿದೆ. ಆಟಿಸಂ ಇರುವ ಅರವತ್ತೈದು ಮಕ್ಕಳು. ತಜ್ಞರಲ್ಲದ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತೆಯರು ಆರು ತಿಂಗಳಲ್ಲಿ ಹನ್ನೆರಡು ಸಲ ತಂದೆತಾಯಿಯರ ಜೊತೆ ಕೂತು, ಅವರು ಮಗುವಿನ ಜೊತೆ ಆಡುವುದನ್ನು ವಿಡಿಯೋದಲ್ಲಿ ಅವರಿಗೇ ತೋರಿಸಿ, ಇಲ್ಲಿ ಮಗು ಏನೋ ಹೇಳಲು ಬಂತು, ನೀವು ಗಮನಿಸಲಿಲ್ಲ, ನೋಡಿ ಎಂದು ತಿದ್ದಿದರು. ತಂದೆತಾಯಿಯರು ಮಗುವಿಗೆ ಸ್ಪಂದಿಸುವ ರೀತಿ ಬದಲಾಯಿತು, ಮಕ್ಕಳು ತಾವಾಗಿ ಸಂಪರ್ಕಕ್ಕೆ ಬರುವುದು ಹೆಚ್ಚಿತು. ಪವಾಡವೇನೂ ಆಗಲಿಲ್ಲ, ಆಟಿಸಂ ಹೋಗಲೂ ಇಲ್ಲ. ಆದರೆ ಆ ಕೆಲಸಕ್ಕೆ ಬೇಕಾದದ್ದು ಒಬ್ಬ ತರಬೇತಾದ ಹೆಣ್ಣುಮಗಳು ಮತ್ತು ಒಂದು ಚಾಪೆ. ನಮ್ಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಆಶಾ ಇದ್ದಾರೆ, ಅಂಗನವಾಡಿ ಕಾರ್ಯಕರ್ತೆ ಇದ್ದಾರೆ. ಅವರ ತಲೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೇರಿ ಎಂದು ನಾನು ಹೇಳುತ್ತಿಲ್ಲ, ಇರುವ ನಾಲ್ಕು ರಿಜಿಸ್ಟರ್ ಇಳಿಸಿ ಇದನ್ನು ಕೊಡಿ, ಕೆಲಸಕ್ಕೆ ತಕ್ಕ ಹಣವನ್ನೂ ಕೊಡಿ ಎನ್ನುತ್ತಿದ್ದೇನೆ.

ಭಾಷೆಯ ಮಾತೊಂದು ಇಲ್ಲೇ ಹೇಳಬೇಕು. ಒಬ್ಬ ಥೆರಪಿಸ್ಟು ನಮಗೆ, ಮಗು ಗೊಂದಲಕ್ಕೆ ಬೀಳುತ್ತದೆ, ಮುಂದೆ ಶಾಲೆಗೂ ಬೇಕು, ಇಂಗ್ಲಿಷಿನಲ್ಲೇ ಮಾತಾಡಿ ಎಂದರು. ಹದಿನೈದು ದಿನ ನನ್ನ ಸೊಸೆ “ಕಮ್, ಸಿಟ್, ಗಿವ್” ಎಂದು ಪೊಲೀಸಿನವಳ ಹಾಗೆ ಮಾತಾಡಿದಳು. ಅವಳ ಮಾತಿನಿಂದ ಮುದ್ದು ಹೋಯಿತು, ಗದರಿಕೆ ಹೋಯಿತು, ರಾಗ ಹೋಯಿತು, ಆಜ್ಞೆ ಉಳಿಯಿತು. ಎರಡು ಭಾಷೆ ಕೇಳುವುದರಿಂದ ಆಟಿಸಂ ಇರುವ ಮಗುವಿನ ಮಾತು ಇನ್ನಷ್ಟು ತಡವಾಗುತ್ತದೆ ಎಂಬುದಕ್ಕೆ ಸಂಶೋಧನೆಗಳಲ್ಲಿ ಆಧಾರ ಸಿಕ್ಕಿಲ್ಲ ಎಂದು ಆಮೇಲೆ ತಿಳಿಯಿತು. ನಮ್ಮ ಬೀದಿಯ ಉರ್ದು ಮನೆಯ ತಾಯಿ ಉರ್ದುವಿನಲ್ಲೇ ಮುದ್ದಿಸಲಿ, ನಾವು ಕನ್ನಡದಲ್ಲೇ ಗೋಳಾಡೋಣ. ಮಗುವಿಗೆ ಬೇಕಾದ್ದು ಮಾತಾಡುವವಳ ಮುಖದಲ್ಲಿ ಜೀವ. ಬೆಂಗಳೂರಿನಲ್ಲಿ ಪ್ರತಿಭಾ ಕಾರಂತ ಎಂಬ ವಾಕ್ ತಜ್ಞೆ 2000ದ ಹೊತ್ತಿಗೆ ‘ಕಾಂ ಡೀಲ್’ ಎಂಬ ಕ್ರಮ ರೂಪಿಸಿ, ಆರು ವರ್ಷದೊಳಗಿನ ಮಕ್ಕಳನ್ನು ಸಣ್ಣ ಗುಂಪಾಗಿ ಕೂರಿಸಿ, ಮಾತು, ಕೈಕೆಲಸ, ಓಟ, ಬೆರೆಯುವಿಕೆ ಎಲ್ಲವನ್ನೂ ಒಟ್ಟಿಗೆ ಕಲಿಸುವ ದಾರಿ ತೋರಿಸಿದರು. ಇಂಥದ್ದು ನಮ್ಮ ನೆಲದಲ್ಲೇ ಇದೆ. ಜಾವಗಲ್ಲಿನವರೆಗೆ ಇಳಿದು ಬರಬೇಕು, ಅಷ್ಟೆ.

ನನ್ನ ವಾದಕ್ಕೆ ಒಂದು ಆಕ್ಷೇಪವಿದೆ, ಅದು ಸಣ್ಣದಲ್ಲ. ‘ಮನೆಯಲ್ಲೇ ಮಾಡಿ’ ಎಂದರೆ ಮಾಡುವವರು ಯಾರು? ಕೊಟ್ಟಿಗೆ, ಒಲೆ, ಬಟ್ಟೆ, ತೋಟದ ಆಳಿಗೆ ಊಟ, ಇವುಗಳ ಮಧ್ಯೆ ಸೊಸೆಯ ದಿನಕ್ಕೆ ಇನ್ನೊಂದು ಕೆಲಸ ಸೇರಿತು, ಅದೂ ಫಲಿತಾಂಶದ ಹೊಣೆ ಸಮೇತ. ಮಗು ಕಲಿಯದಿದ್ದರೆ “ಮನೆಯಲ್ಲಿ ನೀವು ಸರಿಯಾಗಿ ಮಾಡಲಿಲ್ಲ” ಎಂಬ ಮಾತು ಕಾದಿರುತ್ತದೆ. ಬೆಟಲ್‌ಹೈಮ್ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಂತಾಯಿತು. ಈ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಟು ಮಾತ್ರ ಇದೆ. ಬೆಳಗಿನ ಒಂದು ಗಂಟೆ ನನ್ನದು. ಸಂಜೆ ಅರ್ಧ ಗಂಟೆ ನನ್ನ ಮಗನದು. ಅವನು ಮೊದಲು ಕೂರಲೊಲ್ಲ, ಕೊಬ್ಬರಿ ವ್ಯಾಪಾರ, ತಿಪಟೂರಿನ ರೇಟು ಎಂದು ಜಾರುತ್ತಿದ್ದ. ಒಂದು ದಿನ ಮಗು ಅವನ ಬೆನ್ನ ಮೇಲೆ ಕೂತು, ಅವನು ನಿಂತಾಗಲೆಲ್ಲ ಮೈ ಕುಲುಕಿ ‘ಹೋಗು’ ಎಂದು ಸನ್ನೆ ಮಾಡಿತು. ಆ ಮೇಲೆ ಅವನಿಗೇ ಗೀಳು ಹತ್ತಿತು. ಸೊಸೆಗೆ ವಾರದಲ್ಲಿ ಒಂದು ಮಧ್ಯಾಹ್ನ ಮಗುವಿನ ಗೊಡವೆಯೇ ಇಲ್ಲದ ರಜೆ. ಅತ್ತೆ, ಗಂಡ, ಜಗಲಿ ಇಲ್ಲದ ತಾಯಿಗೆ ಏನು? ಅಲ್ಲಿ ಪಂಚಾಯಿತಿಯೇ ಅತ್ತೆಯಾಗಬೇಕು. ಮಗುವನ್ನು ಎರಡು ಗಂಟೆ ನೋಡಿಕೊಳ್ಳುವ ಜಾಗವನ್ನೂ ಚಿಕಿತ್ಸೆ ಎಂದೇ ಲೆಕ್ಕ ಹಾಕಬೇಕು.

ಹಾಗಾದರೆ ಹೆಸರೇ ಬೇಡವೇ? ಬೇಕು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಗುರುತಿಸುವ ಇಪ್ಪತ್ತೊಂದು ಸ್ಥಿತಿಗಳಲ್ಲಿ ಆಟಿಸಂ ಒಂದು. ಪ್ರಮಾಣಪತ್ರ, ಮಾಸಾಶನ, 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಡೆಯುವ ‘ನಿರಾಮಯ’ ಆರೋಗ್ಯ ವಿಮೆ, ಇವಕ್ಕೆಲ್ಲ ಹೆಸರು ಬೇಕು. ಶಾಲೆಯವರು “ನಮ್ಮಲ್ಲಿ ಆಗಲ್ಲ” ಎಂದಾಗ ಎದುರು ನಿಲ್ಲಲೂ ಅದೇ ಕಾಗದ ಬೇಕು. ‘ಹಣೆಪಟ್ಟಿ ಬೇಡ’ ಎನ್ನುವ ನೆಂಟರಿಗೆ ನಾನು ಹೇಳುವುದು, ಹೆಸರಿಡದಿದ್ದರೂ ಊರು ‘ಪೆದ್ದ’ ಎಂದು ಒಂದು ಹೆಸರು ಇಟ್ಟೇ ಇಡುತ್ತದೆ. ಅದಕ್ಕಿಂತ ಕಾಯ್ದೆ ಇಟ್ಟ ಹೆಸರು ಮೇಲು. ಹೆಸರಿನ ಹಿಂದೆ ಬರುವ ವ್ಯಾಪಾರಿಗಳ ಬಗ್ಗೆ ಮಾತ್ರ ಎಚ್ಚರ ಬೇಕು. ಕಾಂಡಕೋಶ ಚುಚ್ಚಿ ಗುಣ ಮಾಡುತ್ತೇವೆಂದು ಲಕ್ಷಗಟ್ಟಲೆ ಕೇಳುವವರಿದ್ದಾರೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಆಟಿಸಂಗೆ ಅದು ಸಲ್ಲದು ಎಂದಿದೆ. ಗುಣ ಎಂಬ ಪದವನ್ನೇ ನಾನೀಗ ಬಿಟ್ಟಿದ್ದೇನೆ. ಇವನು ಬೇರೆ ಹುಡುಗರಂತೆ ಆಗಬೇಕು ಎಂಬ ಆಸೆ ಬಿಡಲು ನನಗೆ ಒಂದು ವರ್ಷ ಹಿಡಿಯಿತು. ಇವನಿಗೆ ಏನು ಬೇಕು ಎಂದು ಇವನೇ ನಮಗೆ ತಿಳಿಸುವಂತಾಗಬೇಕು ಎಂಬ ಆಸೆ ಬಿಟ್ಟಿಲ್ಲ.

ಈಗ ಅವನಿಗೆ ಮೂರು ವರ್ಷ ಎಂಟು ತಿಂಗಳು. ನಮ್ಮ ತರಗತಿ ಲಕ್ಷ್ಮೀನರಸಿಂಹ ದೇವಸ್ಥಾನದ ಹೊರಗೋಡೆ. ಮಂಗಳಾರತಿ ಮುಗಿದ ಮೇಲೆ ಹೋಗುತ್ತೇವೆ, ಗಂಟೆಯ ಸದ್ದು ಅವನಿಗೆ ಆಗುವುದಿಲ್ಲ. ಹದಿಮೂರನೇ ಶತಮಾನದ ಶಿಲ್ಪಿಗಳು ಕೆಳಪಟ್ಟಿಯಲ್ಲಿ ಆನೆಗಳನ್ನು ಸಾಲಾಗಿ ನಿಲ್ಲಿಸಿದ್ದಾರೆ, ಸರಿಯಾಗಿ ಇವನ ಕೈಗೆ ಎಟುಕುವ ಎತ್ತರಕ್ಕೆ. ಒಂದೂ ಸರಿಯುವುದಿಲ್ಲ, ಆದ್ದರಿಂದ ಅವನಿಗೆ ನೆಮ್ಮದಿ. ಒಂದೊಂದನ್ನೂ ಮುಟ್ಟಿ ಮುಂದೆ ಹೋಗುತ್ತಾನೆ. ನನ್ನ ಕೈಯನ್ನೂ ಎಳೆದು ಆನೆಯ ಮೇಲೆ ಇಡುತ್ತಾನೆ. ಬೆರಳು ತೋರಿಸುವ ಬದಲು ದೊಡ್ಡವರ ಕೈಯನ್ನು ಸಲಕರಣೆಯಂತೆ ಬಳಸುವುದು ಆಟಿಸಂನ ಗುರುತುಗಳಲ್ಲೊಂದು ಎಂದು ಓದಿದ್ದೇನೆ. ಇರಲಿ. ನಾನು “ಆನೆ” ಎನ್ನುತ್ತೇನೆ, ಮೈಸೂರಿನಲ್ಲಿ ಹೇಳಿಕೊಟ್ಟಂತೆ ತುಟಿ ಬಿಗಿಹಿಡಿದು ಮನಸ್ಸಿನಲ್ಲೇ ಐದು ಎಣಿಸಿ ಕಾಯುತ್ತೇನೆ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಐದು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರುವುದು ಎಷ್ಟು ಕಷ್ಟ ಎಂದು ಈಗ ಗೊತ್ತಾಗುತ್ತಿದೆ. ಒಂದು, ಎರಡು, ಮೂರು. ಮೊನ್ನೆ ನಾಲ್ಕಕ್ಕೆ ಬಂದಾಗ ಅವನು ಆನೆಯನ್ನು ಬಿಟ್ಟು ಒಮ್ಮೆ ನನ್ನ ಮುಖ ನೋಡಿದ. ಮಾತಾಡಲಿಲ್ಲ. ಮುಂದಿನ ಆನೆಗೆ ಹೋದೆವು.